ಒಕ್ಕಲೆಬ್ಬಿಸುವ ಕುರಿ

"ಮಂಡಿ ಊರಿ ನಡಿಯಯ್ಯಾ! ಕುರಿ ಎಲ್ಲಾದ್ರೂ ಸೊಂಟ ಹಿಡ್ಕೊಂಡು ನಡಿಯುತ್ತಾ? ನಿಮ್ ಜನಕ್ಕೆ ಇದನ್ನೂ ನಾನೇ ಟೀಚ್ ಮಾಡ್ಬೇಕಾ?"

ಹರಿಪ್ರಸಾದ ಗದರಿದಾಗ ಅಮೆರಿಕದ ಎಲಿಕಾಟ್ ಸಿಟಿಯಲ್ಲಿನ ಅವನ ಮನೆಯ ಬೇಸ್‌ಮೆಂಟಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಕುರಿವೇಷದೊಳಗಿದ್ದ ಗುರುಸಿದ್ದಪ್ಪನೂ ನಕ್ಕ. ಕಂಪನಿಯ ಯಜಮಾನ ನಕ್ಕಾಗ ಸುಮ್ಮನಿರುವಷ್ಟು ಧೈರ್ಯ ಆ ಎಂಸಿಎ ಪದವೀಧರನಿಗೆ ಯಾವತ್ತೂ ಇರಲಿಲ್ಲ. ವೀಸಾ ಮುಂದುವರಿಯಬೇಕಾದರೆ ಹರಿಪ್ರಸಾದನೇ ಅರ್ಜಿ ಹಾಕಬೇಕು. ಇಲ್ಲದಿದ್ದರೆ ಏಳು ತಿಂಗಳ ಬಸುರಿ ಹೆಂಡತಿಯನ್ನು ಕರೆದುಕೊಂಡು ದೇಶ ಬಿಡಬೇಕು.

ಕನ್ನಡ ಸಂಘದ ನಾಟಕ, ಇಂಗ್ಲೆಂಡಿನ ಉಣ್ಣೆಯ ಕಥೆ. ಹರಿಪ್ರಸಾದ ಜಮೀನ್ದಾರ. ಅದೇ ಕಂಪನಿಯ ಪ್ರಶಾಂತ್ ಒಕ್ಕಲಿನವನು. ಕುರುಬರ ಹುಡುಗ ಎಂಬ ಒಂದೇ ಅರ್ಹತೆಯಿಂದ ಗುರುಸಿದ್ದಪ್ಪ ಕುರಿ. ರಾಜಾಜಿನಗರದಲ್ಲಿ ಬೆಳೆದ ಅವನಿಗೂ ಕುರಿಗೂ ಇದ್ದ ನಂಟು ಬಿರಿಯಾನಿಯದಷ್ಟೇ. ಆದರೂ ಮಹಾನುಭಾವ ವಾರವಿಡೀ ಯೂಟ್ಯೂಬ್ ನೋಡಿ ಮೇಯುವುದನ್ನು ಕಲಿತಿದ್ದ.

ರಿಹರ್ಸಲ್ ಮುಗಿದ ಮೇಲೆ ಹರಿಪ್ರಸಾದ ಅವನನ್ನು ಪಕ್ಕಕ್ಕೆ ಕರೆದ. "ಮಂಡೇ ಪ್ರಶಾಂತನ್ನ ತೆಗೀತಾ ಇದೀನಿ. ತುಂಬಾ ಮಾತಾಡ್ತಾನೆ. ಅವನ ಪ್ರಾಜೆಕ್ಟ್ ನೀನು ತಗೋ, ನಿನ್ ವೀಸಾ ಫೈಲ್ ಮಾಡ್ತೀನಿ."

"ಥ್ಯಾಂಕ್ಸ್ ಸರ್" ಎಂದ ಗುರುಸಿದ್ದಪ್ಪ, ಕುರಿತಲೆಯನ್ನೂ ತೆಗೆಯದೆ.

ಶನಿವಾರ ನಾಟಕಕ್ಕೆ ಪ್ರಶಾಂತ್ ಬಂದೇ ಬಂದ. ಕೆಲಸ ಹೋಗಿ ಐದು ದಿನವಾಗಿತ್ತು. "ಬಾಸ್ ಮನಸ್ಸು ಕರಗಬಹುದು ಅಂತ ಬಂದೆ ಕಣೋ. ನನ್ ಸೀಟಿಗೆ ಯಾವ ಬೋಳಿಮಗ ಬರ್ತಾನೋ ಗೊತ್ತಿಲ್ಲ" ಎಂದು ಪರದೆಯ ಹಿಂದೆ ನಿಟ್ಟುಸಿರಿಟ್ಟ. ಮುಖ ಕಾಣಿಸದಂಥ ವೇಷ ಕೊಟ್ಟ ಯಜಮಾನನಿಗೆ ಗುರುಸಿದ್ದಪ್ಪ ಮನಸ್ಸಿನಲ್ಲೇ ಕೈಮುಗಿದ.

ಹರಿಪ್ರಸಾದನ ಮಗಳು ನಿಧಿ ಮೈಕಿನಲ್ಲಿ ಕಥೆ ಹೇಳಿದಳು. "ವುಲ್‌ಗೆ ಗುಡ್ ಪ್ರೈಸ್ ಬಂತು. ಸೋ ಲ್ಯಾಂಡ್‌ಲಾರ್ಡ್ಸ್ ಫಾರ್ಮರ್ಸ್‌ನ ಓಡ್ಸಿದ್ರು. ಅವರ ಪ್ಲೇಸಲ್ಲಿ ಶೀಪ್ ಬಿಟ್ರು."

ಹರಿಪ್ರಸಾದ ರಟ್ಟಿನ ಗುಡಿಸಲನ್ನು ಒದ್ದು ಬೀಳಿಸಿದ. ಗಂಟು ಹೊತ್ತ ಪ್ರಶಾಂತ್ ನಿಜವಾಗಿಯೇ ಅಳುತ್ತಾ ಹೊರಟ. "ಏನ್ ಆ್ಯಕ್ಟಿಂಗ್ ರೀ!" ಎಂದು ಸಭೆ ಚಪ್ಪಾಳೆ ತಟ್ಟಿತು. ಇನ್ನು ಕುರಿ ಹೋಗಿ ಆ ಜಾಗದಲ್ಲಿ ಮೇಯಬೇಕು.

ಕುರಿ ಗುಡಿಸಲಿನವರೆಗೆ ಮಂಡಿಯೂರಿ ಹೋಯಿತು. ಬಾಯಿ ಹಾಕಲಾಗಲಿಲ್ಲ. ಗುರುಸಿದ್ದಪ್ಪನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಎದ್ದು ನಿಂತು ಕುರಿತಲೆ ಕಿತ್ತ.

"ಪ್ರಶಾಂತನ ಪ್ರಾಜೆಕ್ಟ್ ನಂಗೆ ಬೇಡ ಸರ್. ಅವನ ಕೆಲಸ ಅವನಿಗೇ ಕೊಡಿ."

ಇದೂ ನಾಟಕದ್ದೇ ಎಂದುಕೊಂಡ ಸಭೆ ಶಿಳ್ಳೆ ಹಾಕಿತು. ಹರಿಪ್ರಸಾದ ನಗುಮುಖದಲ್ಲೇ ಹಲ್ಲು ಕಡಿದ. "ಬಗ್ಗೋ, ಬೋಳಿಮಗನೆ. ಹೆಂಡ್ತೀಗೂ ಸೇರಿಸಿ ಟಿಕೆಟ್ ಬುಕ್ ಮಾಡ್ಸಲಾ?"

ಗುರುಸಿದ್ದಪ್ಪ ನಿಂತೇ ಇದ್ದ. ಯಾರೋ ಅವಸರದಲ್ಲಿ ಪರದೆ ಎಳೆದರು.

ಪ್ರಶಾಂತ್ ಓಡಿಬಂದು ಗುರುಸಿದ್ದಪ್ಪನ ಬೆನ್ನಿನ ಜಿಪ್ ಎಳೆಯತೊಡಗಿದ. ಅದು ಉಣ್ಣೆಯಲ್ಲಿ ಸಿಕ್ಕಿಕೊಂಡಿತ್ತು.

"ಸ್ವಲ್ಪ ಬಗ್ಗೋ, ಕೈಗೆ ಸಿಗ್ತಾ ಇಲ್ಲ."

"ಇವತ್ತು ಬಗ್ಗಲ್ಲ" ಎಂದ ಗುರುಸಿದ್ದಪ್ಪ. "ಹೋಗಿ ಕತ್ತರಿ ತಗೊಂಡ್ಬಾ."