ಗುಡ್ಡದ ಅಂಚೂ ಬೀಗರ ಟವಲ್ಲೂ

ಈಗ ನಮ್ಮ ಕಡೆ ಮದುವೆ ಗೊತ್ತಾದರೆ ಕಲ್ಯಾಣ ಮಂಟಪಕ್ಕಿಂತ ಮೊದಲು ಫೋಟೋದ ಜಾಗ ಗೊತ್ತಾಗುತ್ತದೆ. ಶಿಗ್ಲಿಯ ಸಿದ್ದಲಿಂಗವ್ವನ ಮಗಳು ವಾಣಿಶ್ರೀಗೆ ಮುಂಡರಗಿಯ ವೀರು ಗೊತ್ತಾದಾಗಲೂ ಹಾಗೇ ಆಯಿತು.

"ಡೋಣಿ ಕಡೆಯಿಂದ ಕಪ್ಪತಗುಡ್ಡ ಹತ್ತೋಣ್ರಿ ಅತ್ತಿ" ಎಂದ ವೀರು. "ಅಲ್ಲೊಂದು ಕಡಿದಾದ ಕಲ್ಲಬಂಡಿ ಐತಿ. ತುದಿಮ್ಯಾಗ ನಾವಿಬ್ಬರೂ ನಿಂತರ ಅದು ಎಷ್ಟ ಎತ್ತರ ಐತಿ ಅಂತ ಮಂದಿಗೆ ತಿಳೀತೈತಿ."

ಅಂದಿನಿಂದ ಸಿದ್ದಲಿಂಗವ್ವನಿಗೆ ಕುಂತಲ್ಲಿ ಕುಂಡ್ರಲಾಗಲಿಲ್ಲ. ರೊಟ್ಟಿ ಬಡಿಯುತ್ತ ಕೈ ನಿಂತುಬಿಡುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಬೇಡ ಅನ್ನೋಣವೆಂದರೆ ಹೆಣ್ಣಿನ ಕಡೆಯವಳು. ಮೇಲಾಗಿ ಮದುವೆ ಮನೆಯಲ್ಲಿ ಬೀಳುವ ಮಾತು, ಸಾಯುವ ಮಾತು ಆಡಬಾರದು. ಬಳೆ ಒಡೆದರೆ ‘ಹೆಚ್ಚಿತು’ ಅನ್ನುವ, ದೀಪ ಆರಿಸುವಾಗ ‘ದೊಡ್ಡದು ಮಾಡು’ ಅನ್ನುವ ಮಂದಿ ನಾವು. ಕಡೆಗೆ ಲಕ್ಷ್ಮೇಶ್ವರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಬಾಲ್ಯದ ಗೆಳತಿ ಹಾಜಿರಾಬಿಯ ಹತ್ತಿರ ಹೋಗಿ, "ಫೋಟೋ ನೀನ ತಗಿಬೇಕವ್ವ. ನೀ ಇದ್ದರ ನನಗ ಧೈರ್ಯ" ಎಂದಳು.

ಗುಡ್ಡದ ಮೇಲೆ ಗಾಳಿಯೋ ಗಾಳಿ. ಬಂಡೆಯ ಅಂಚಿನಲ್ಲಿ ಬರೀ ಗರಸು. ಕಾಲಿಟ್ಟರೆ ಹರಳು ಚರಚರ ಜಾರುತ್ತಿತ್ತು. ಹಾಜಿರಾಬಿ ದೂರದಿಂದಲೇ ನೋಡಿ ಕ್ಯಾಮೆರಾ ಚೀಲದ ಬಾಯಿ ಕಟ್ಟಿದಳು.

"ಇಲ್ಲಿ ನಾ ತಗಿಯಂಗಿಲ್ಲಪಾ. ಕೆಳಗ ನಡೀರಿ, ಅಲ್ಲಿಂದ ಛಲೋ ಬರ್ತೈತಿ."

ವೀರು ನಕ್ಕ. "ಕೆಳಗ ನಿಂತರ ಎತ್ತರ ಹೆಂಗ ಕಾಣ್ತೈತ್ರಿ ಅಕ್ಕಾರ? ಅಂಜಿಕಿ ಇದ್ದವರು ಸ್ಟುಡಿಯೋದಾಗ ಪರದೆ ಮುಂದ ನಿಂದ್ರಬೇಕು."

"ನಾನ ತಗಿತೇನಿ ಬಿಡು!" ವೀರುವಿನ ತಂದೆ ಕೊಟ್ರಪ್ಪನವರು ಮೊಬೈಲು ಹಿಡಿದರು. ಕಣ್ಣು ಪರದೆಯ ಮೇಲೆ. "ಹಿಂದ ಸರೀರಿ… ಇನ್ನೊಂದೀಟು ಹಿಂದ…"

ವೀರು ಹಿಂದೆ ಸರಿದ. ವಾಣಿಶ್ರೀಯ ಸೆರಗಿನಲ್ಲಿ ಗಾಳಿ ತುಂಬಿಕೊಂಡಿತು. ಸಿದ್ದಲಿಂಗವ್ವ ನಾಲಗೆ ಕಚ್ಚಿಕೊಂಡಳು. ಕೂಗಿದರೆ ಬೀಗರು ಏನಂದಾರೋ? ಕೂಗದಿದ್ದರೆ? ಮಗಳ ಹಿಮ್ಮಡಿಯ ಕೆಳಗಿಂದ ಹರಳೊಂದು ಉರುಳಿ ಕಾಣೆಯಾಯಿತು. ಅದು ಬಿದ್ದ ಸಪ್ಪಳವೇ ಕೇಳಲಿಲ್ಲ.

"ಬೀಳ್ತೀರಿ!" ಕೂಗಿಯೇಬಿಟ್ಟಳು. "ಬಿದ್ದು ಸಾಯ್ತೀರಿ, ಈ ಕಡೆ ಬರ್ರಿ!"

ವಾಣಿಶ್ರೀ ಗಾಬರಿಯಾಗಿ ವೀರುವಿನ ಕೈ ಹಿಡಿದು ಎಳೆದುಕೊಂಡೇ ಅಂಚಿನಿಂದ ಈಚೆ ಬಂದಳು. ಕೊಟ್ರಪ್ಪನವರ ಮುಖ ಕೆಂಪಾಯಿತು.

"ಏನ್ರಿ ಬೀಗತಿ, ಶುಭಕಾರ್ಯದಾಗ ಎಂಥಾ ಮಾತ್ರಿ ಇದು? ಅಪಶಕುನದ ಬಾಯಿ!"

"ತಪ್ಪಾತ್ರಿ ಬೀಗರ" ಎಂದಳು ಸಿದ್ದಲಿಂಗವ್ವ. ಕಣ್ಣಲ್ಲಿ ನೀರು. ಆದರೂ ಮಗಳ ರಟ್ಟೆ ಮಾತ್ರ ಬಿಡಲಿಲ್ಲ.

"ಏನ ಆಗತೈತ್ರಿ? ನಾ ಇಲ್ಲೇ ನಿಂತೇನಿ, ನನಗೇನಾತು?" ಎಂದು ಕೊಟ್ರಪ್ಪನವರು ಅನ್ನುವಷ್ಟರಲ್ಲಿ ಗಾಳಿ ಬೀಸಿ ಅವರ ಹೆಗಲ ಮೇಲಿನ ಬಿಳಿ ಟವಲ್ಲು ಹಾರಿತು. "ಏ, ಏ!" ಎನ್ನುತ್ತ ಅವರು ಕೈ ಚಾಚಿ ಅದರ ಹಿಂದೆ ಅಂಚಿನ ಕಡೆಗೇ ಓಡಿದರು. ವೀರು ಹಾರಿ ಅಪ್ಪನ ಸೊಂಟ ತಬ್ಬಿದ. ಇಬ್ಬರೂ ಗರಸಿನಲ್ಲಿ ಕುಸಿದು ಕೂತರು. ಟವಲ್ಲು ಒಮ್ಮೆ ತಿರುಗಿ, ಬಂಡೆಯಾಚೆ ಇಳಿದುಹೋಯಿತು.

ವೀರು ಅಪ್ಪನ ಸೊಂಟ ಬಿಡಲಿಲ್ಲ.

"ಯಪ್ಪಾ, ಟವಲ್ಲಿನ ಸಲುವಾಗಿ…" ಎಂದವನು ಅತ್ತೆಯ ಕಡೆ ನೋಡಿ ತಲೆ ತಗ್ಗಿಸಿದ.

"ಕೈ ತಾನ ಹೋತಪಾ. ನನ್ನ ಕೇಳಲಿಲ್ಲ ಅದು" ಎಂದರು ಕೊಟ್ರಪ್ಪನವರು.

ಹಾಜಿರಾಬಿ ನೀರಿನ ಬಾಟಲಿ ಕೊಟ್ಟಳು. "ಇದಕ್ಕ ಅಂದದ್ದು ನಾ. ಸೆರಗು, ಟವಲ್ಲು, ಮೊಬೈಲು, ಯಾವುದು ಜಾರಿದರೂ ಕೈ ಮೊದಲು ಹೋಗತೈತಿ. ಕಾಲು ಅದರ ಹಿಂದ. ಫೋಟೋ ತಗಿಯವನಿಗೆ ಪರದೆ ಬಿಟ್ಟರ ನೆಲ ಕಾಣಂಗಿಲ್ಲ. ಏಳ್ರಿ, ಎತ್ತರ ಕಾಣಬೇಕಲ್ಲ? ನಾ ತೋರಸ್ತೇನಿ."

ಕಾಲುದಾರಿ ಹಿಡಿದು ಕೆಳಗಿಳಿದರು. ಹಾಜಿರಾಬಿ ಜೋಡಿಯನ್ನು ಬಯಲಲ್ಲಿ ನಿಲ್ಲಿಸಿದಳು. "ಬಂಡಿ ಬುಡಕ್ಕ ಹೋಗಬ್ಯಾಡ್ರಿ, ಮ್ಯಾಲಿಂದ ಕಲ್ಲು ಉದರ್ತಾವ." ತಾನು ಕಾಲ ಕೆಳಗೆ ನೋಡಿಕೊಳ್ಳುತ್ತ ದೂರ ಹೋಗಿ ಕ್ಯಾಮೆರಾ ಹಿಡಿದಳು.

ಫೋಟೋ ನೋಡಿ ವೀರು ಬಾಯಿ ತೆರೆದ. ಬಂಡೆ ಆಕಾಶಕ್ಕೆ ಎದ್ದು ನಿಂತಿತ್ತು. ಅದರ ಮುಂದೆ ತಾವಿಬ್ಬರೂ ಎರಡು ಜೋಳದ ಕಾಳು! "ಮ್ಯಾಲಿದ್ದಾಗ ಇದರ ಎತ್ತರ ನನಗ ತಿಳಿದಿದ್ದಿಲ್ರಿ" ಎಂದ.

ಕೊಟ್ರಪ್ಪನವರು ಕನ್ನಡಕ ಏರಿಸಿ, ಬಂಡೆಯ ನಡುವಿನ ಮುಳ್ಳುಕಂಟಿಯ ಮೇಲೆ ಬೆರಳಿಟ್ಟರು.

"ಈ ಬಿಳಿ ಚುಕ್ಕಿ ಏನ್ರಿ?"

"ನಿಮ್ಮ ಟವಲ್ಲರಿ" ಎಂದಳು ಹಾಜಿರಾಬಿ.

ಅವರು ಕತ್ತೆತ್ತಿ ಬಂಡೆಯ ಮೇಲೆ ಆ ಚುಕ್ಕಿಯನ್ನು ಹುಡುಕಿದರು. ಆಮೇಲೆ ಸಿದ್ದಲಿಂಗವ್ವನ ಕಡೆ ತಿರುಗಿ, "ಬೀಗತಿ, ಇವತ್ತ ನೀವು ಆಡಿದ್ದ ಶುಭದ ಮಾತ್ರಿ" ಎಂದರು. ಆ ಫೋಟೋವನ್ನೇ ದೊಡ್ಡದು ಮಾಡಿಸಿ ಪಡಸಾಲೆಗೆ ಹಾಕಿಸಿದರು. ಬಂದವರಿಗೆಲ್ಲ ಮೊದಲು ತೋರಿಸುವುದು ಜೋಡಿಯನ್ನಲ್ಲ, ಟವಲ್ಲನ್ನು.

ಅಕ್ಕಂದಿರೇ, ಅಣ್ಣಂದಿರೇ, ಗುಡ್ಡಕ್ಕೆ ಹೋಗಿ, ಫೋಟೋನೂ ತೆಗೆಸಿಕೊಳ್ಳಿ. ಎತ್ತರ ತೋರಿಸಬೇಕೆಂದರೆ ಕೆಳಗೆ, ಬಂಡೆಯಿಂದ ದೂರ ನಿಲ್ಲಿ. ಅಂಚಿಗೆ ಹೋಗಬೇಡಿ, ಯಾರನ್ನೂ ‘ಇನ್ನೊಂದೀಟು ಹಿಂದ’ ಅನ್ನಬೇಡಿ. ಹಾರಿದ್ದು, ಜಾರಿದ್ದು ಹೋಗಲಿ ಬಿಡಿ. ನಿಮ್ಮವರು ಅಂಚಿನಲ್ಲಿ ನಿಂತದ್ದು ಕಂಡರೆ ಬೀಗರು ಏನಂದಾರೋ ಎಂದು ಕಾಯಬೇಡಿ. ಕೂಗಿಬಿಡಿ. ಸಿಟ್ಟಾದ ಬೀಗರನ್ನು ನಾಳೆ ಒಂದು ಚಹಾ ಕೊಟ್ಟು ಸಮಾಧಾನ ಮಾಡಬಹುದು.