ಒಂದೇ ಜೀವದ ಅಳಿಯ

ನಮ್ಮ ಅತ್ತೆಗೆ ಹೆಣ್ಣುಮಕ್ಕಳಿಲ್ಲ. ಆದರೆ ಅಳಿಯ ಇದ್ದಾನೆ. ಕೈಯಲ್ಲಿ ಕೊಡಲಿ, ಮೈಮೇಲೆ ಕರಡಿ ಚರ್ಮ, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಅವನು ಇರುವುದು ಕಂಪ್ಯೂಟರಿನ ಒಳಗೆ.

ಅತ್ತೆ ಕಾಲು ಮುರಿದುಕೊಂಡು ಮಲಗಿದ್ದ ಕಾಲದಲ್ಲಿ ಅವನು ನಮ್ಮ ಮನೆ ಸೇರಿದ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ಅಮ್ಮನಿಗೆ ಹೊತ್ತು ಹೋಗಲಿ ಎಂದು ಒಂದು ಗೇಮ್ ಹಾಕಿಕೊಟ್ಟರು. ರಾಕ್ಷಸರನ್ನು ಹೊಡೆಯಬೇಕು, ಅವರು ಬೀಳಿಸಿದ ಸಾಮಾನು ಆರಿಸಿಕೊಳ್ಳಬೇಕು, ಬಲ ಬಂದ ಮೇಲೆ ಇನ್ನೂ ದೊಡ್ಡ ರಾಕ್ಷಸರನ್ನು ಹೊಡೆಯಬೇಕು, ಅಷ್ಟೇ. ಅತ್ತೆಗೆ ಮೌಸ್ ಹಿಡಿಯಲು ಬರಲಿಲ್ಲ, ನನಗೆ ಕೀಲಿಮಣೆಯಲ್ಲಿ ಕೀಲಿ ಹುಡುಕುವ ತಾಳ್ಮೆ ಇರಲಿಲ್ಲ. ಹಾಗಾಗಿ ಒಬ್ಬನೇ ವೀರನನ್ನು ಇಬ್ಬರು ಹಂಚಿಕೊಂಡೆವು. ಮೌಸ್ ಹಿಡಿದು ಹೊಡೆಯುವುದು ನಾನು, ಪೆಟ್ಟು ಬಿದ್ದಾಗ ಕೀಲಿ ಒತ್ತಿ ಔಷಧಿ ಕುಡಿಸುವುದು ಅವರು. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎನ್ನುವುದಕ್ಕೂ ಜಗಳವಾಡುವ ನಾವು ಇದೊಂದರಲ್ಲಿ ಸರಿಹೋದೆವು.

ಮೊದಲ ದಿನ ಅವನಿಗೆ ಅಳಿಯ ಅಂತ ಹೆಸರು ಬರೆಯುವಾಗ ಕೆಳಗೆ ಒಂದು ಖಾಲಿ ಚೌಕ ಕಂಡಿತು. ಪಕ್ಕದಲ್ಲಿ ಏನೋ ಇಂಗ್ಲಿಷ್.

"ಖಾಲಿ ಬಿಡಬೇಡ, ಅರ್ಜಿ ವಾಪಸ್ ಬರುತ್ತೆ" ಅಂದರು ಅತ್ತೆ. ನನಗೂ ಹಾಗೇ ಅನ್ನಿಸಿ ಟಿಕ್ ಹಾಕಿದೆ.

ಆ ಟಿಕ್ಕಿನ ಅರ್ಥ, ಇವನಿಗೆ ಒಂದೇ ಜೀವ. ಊರವರ ವೀರರೆಲ್ಲ ಸತ್ತು ಸತ್ತು ಏಳುತ್ತಾರೆ, ನಮ್ಮವನು ಸತ್ತರೆ ಸತ್ತ. ಇದನ್ನು ಗಂಡ ಹೇಳುವ ಹೊತ್ತಿಗೆ ಅತ್ತೆಗೆ ಅವನ ಮೇಲೆ ಪ್ರಾಣ. ಅಂದಿನಿಂದ ಅವನಿಗೆ ಅಪಾಯ ಬಂತೆಂದರೆ ಊರುಗೋಲು ಚಾಚಿ ಗೋಡೆಯ ಸ್ವಿಚ್ಚನ್ನೇ ಟಪ್ ಅಂತ ಆರಿಸಿಬಿಡುತ್ತಿದ್ದರು. ಮತ್ತೆ ಹಾಕಿದರೆ ಅಳಿಯ ರಾಕ್ಷಸರು ಬಾರದ ಗೇಮಿನ ಊರೊಳಗೆ ಬೆಂಕಿ ಕಾಯಿಸುತ್ತಾ ನಿಂತಿರುತ್ತಿದ್ದ. ಹೀಗೆ ಆರಿಸಿ ಆರಿಸಿ ಕೊನೆಗೆ ಕಂಪ್ಯೂಟರೇ ಕಣ್ಣು ಮುಚ್ಚಿತು. ಅಳಿಯ ಮಾತ್ರ ಗಂಡನ ಪೆನ್‌ಡ್ರೈವಿನಲ್ಲಿ ವರ್ಷಗಟ್ಟಲೆ ಮಲಗಿದ್ದ.

ಮೊನ್ನೆ ಗಂಡ ಒಂದು ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಟೈಲರಿಂಗ್ ಅಂಗಡಿಗೆ ಬಂದರು. ಅತ್ತೆ ಮೂಲೆಯ ಸ್ಟೂಲಿನ ಮೇಲೆ ಕೂತು ಗುಂಡಿ ಹಾಕುತ್ತಿದ್ದರು.

"ನಿಮ್ಮ ಗೇಮಿಗೆ ಪ್ಯಾಚ್ ಬಂದಿದೆ" ಅಂದರು.

"ಹರಿದಿತ್ತಾ?" ಅಂದೆ.

"ಹೊಸದು ಸೇರಿಸಿದ್ದಾರೆ ಮಾರಾಯ್ತಿ. ಹೊಸ ಕೋಟೆ, ಹೊಸ ರಾಕ್ಷಸರು. ಅಳಿಯನನ್ನೂ ತಂದು ಹಾಕಿದ್ದೀನಿ, ನೋಡು."

ನೋಡಿದೆ. ಅದೇ ಬೆಂಕಿಯ ಮುಂದೆ ಅದೇ ಗಂಟುಮುಖ. ಅತ್ತೆ ಸೂಜಿ ಅಲ್ಲೇ ಬಿಟ್ಟು ಎದ್ದು ಬಂದರು. "ಬಡವಾಗಿದ್ದಾನೆ" ಅಂದರು. ಕರಡಿ ಚರ್ಮದೊಳಗೆ ಬಡಕಲು ಹೇಗೆ ಕಂಡಿತೋ!

"ಇನ್ನೊಂದು ಒಳ್ಳೇದು ಮಾಡಿದ್ದಾರೆ" ಅಂದರು ಗಂಡ. "ಔಷಧಿ ತಾನೇ ಕುಡಿದುಕೊಳ್ತಾನೆ. ಕೀಲಿ ಒತ್ತೋದೇ ಬೇಡ. ಅಮ್ಮ ಇನ್ನು ಆರಾಮಾಗಿ ಕೂತು ನೋಡಬಹುದು." ಇಷ್ಟು ಹೇಳಿ ಯಾರದೋ ಲಿಫ್ಟ್ ನಿಂತಿದೆ ಅಂತ ಹೊರಟೇಹೋದರು. ಬೆಂಕಿ ಹಚ್ಚಿ ಹೋಗುವುದರಲ್ಲಿ ಆ ಮನುಷ್ಯನನ್ನು ಮೀರಿಸುವವರಿಲ್ಲ.

ಅತ್ತೆ ವಾಪಸ್ ಸ್ಟೂಲಿಗೆ ಹೋಗಿ, ನನಗೆ ಬೆನ್ನು ಮಾಡಿ ಕೂತರು.

"ಬನ್ನಿ ಅತ್ತೆ."

"ನಾನ್ಯಾಕೆ? ಅವನೇ ಕುಡ್ಕೊಳ್ತಾನಂತಲ್ಲ."

"ಸುಮ್ಮನೆ ಬನ್ನಿ."

"ಕೆಲಸ ಇಲ್ಲದವರು ಪಕ್ಕದಲ್ಲಿ ಕೂತರೆ ಬರೀ ಸೆಕೆ. ನೀನೇ ಆಡು."

ನನಗೆ ಪಿತ್ತ ನೆತ್ತಿಗೇರಿತು. ಬರದಿದ್ದರೆ ಬೇಡ! ಷಟರ್ ಅರ್ಧ ಎಳೆದು ಅಳಿಯನನ್ನು ಕರೆದುಕೊಂಡು ಹೊಸ ಕೋಟೆಗೆ ನುಗ್ಗಿದೆ.

ಶುರುವಿನಲ್ಲಿ ಚೆನ್ನಾಗೇ ಇತ್ತು. ಅಸ್ಥಿಪಂಜರಗಳು ಬಂದವು, ಪುಡಿ ಮಾಡಿದೆ. ಅಳಿಯ ಗುಟುಕ್ ಗುಟುಕ್ ಅಂತ ತಾನೇ ಕುಡಿಯುತ್ತಿದ್ದ. ಬೆನ್ನು ಮಾಡಿ ಕೂತಿದ್ದರೂ ಅತ್ತೆಯ ಕಿವಿ ಇಲ್ಲೇ ಇತ್ತು.

"ಎಷ್ಟು ಕುಡೀತಾನೆ ಅವನು! ಸೊಳ್ಳೆ ಕಚ್ಚಿದರೂ ಒಂದು ಬಾಟ್ಲಿನಾ?"

ನಾನು ಇನ್ನೊಂದು ಅಸ್ಥಿಪಂಜರದ ತಲೆ ಹಾರಿಸಿದೆ.

"ನನ್ನ ಕೈಯಲ್ಲಿ ಇದ್ದಾಗ ಅರ್ಧ ಜೀವ ಹೋದ ಮೇಲೇ ಕುಡಿಸ್ತಿದ್ದೆ."

"ಗೊತ್ತು. ಜಿಪುಣರು ನೀವು."

"ಹಿಂದೆ ಬಾ. ಏನೋ ದೊಡ್ಡದು ಬರ್ತಿದೆ, ಹೆಜ್ಜೆ ಸಪ್ಪಳ ಕೇಳಿಸ್ತಿಲ್ವಾ?"

ನಾನು ಹಿಂದೆ ಹೋಗುವವಳಲ್ಲ. ಗಿರಾಕಿ ಜೊತೆ ಜಗಳ ಬಂದರೂ ಹಿಂದೆ ಹೋಗುವುದಿಲ್ಲ, ಅತ್ತೆ ಹೇಳಿದರಂತೂ ಇಲ್ಲವೇ ಇಲ್ಲ. ಮುಂದೆ ಹೋದೆ. ಬಾಗಿಲಷ್ಟು ಅಗಲದ ರಾಕ್ಷಸ ಸುತ್ತಿಗೆ ಎತ್ತಿ ಒಂದು ಬಿಟ್ಟ ನೋಡಿ, ಅಳಿಯ ಗೋಡೆಗೆ ಹೋಗಿ ಅಂಟಿಕೊಂಡ. ಗುಟುಕ್ ಸದ್ದು ಕೇಳಲಿಲ್ಲ. ಬಾಟ್ಲಿ ಎಲ್ಲ ಖಾಲಿ.

"ಅತ್ತೇ!" ಅಂತ ಕಿರುಚಿದೆ.

ಆ ವಯಸ್ಸಿನಲ್ಲಿ ಅಷ್ಟು ಬೇಗ ಎದ್ದವರನ್ನು ನಾನು ಕಂಡಿಲ್ಲ. ಗುಂಡಿಗಳೆಲ್ಲ ಚೆಲ್ಲಾಪಿಲ್ಲಿ. ಊರುಗೋಲು ಬೀಸಿ ಗೋಡೆಯ ಮೇನ್ ಸ್ವಿಚ್ಚಿಗೆ ಹೊಡೆದರು, ಟಪ್! ಲೈಟ್ ಹೋಯಿತು, ಫ್ಯಾನ್ ನಿಂತಿತು, ಇಸ್ತ್ರಿ ಪೆಟ್ಟಿಗೆ ಆರಿತು. ಲ್ಯಾಪ್‌ಟಾಪ್ ಮಾತ್ರ ಆರಲಿಲ್ಲ. ಅದರ ಹೊಟ್ಟೆಯಲ್ಲಿ ಬ್ಯಾಟರಿ ಇದೆ ಅಂತ ನಮಗಿಬ್ಬರಿಗೂ ಆಗಲೇ ನೆನಪಾಗಿದ್ದು. ಅರೆಗತ್ತಲೆಯಲ್ಲಿ ರಾಕ್ಷಸ ಇನ್ನೊಂದು ಸಲ ಸುತ್ತಿಗೆ ಎತ್ತುತ್ತಿದ್ದ.

"ಸರಿ ಆಚೆ!" ಅಂತ ಅತ್ತೆ ನನ್ನನ್ನು ಸೊಂಟದಿಂದ ತಳ್ಳಿ, ಕತ್ತಲಲ್ಲೇ ತಡವಿ ಒಂದು ಕೀಲಿ ಒತ್ತಿದರು. ಅಳಿಯನ ಪಕ್ಕದಲ್ಲಿ ನೀಲಿ ಬಾಗಿಲೊಂದು ತೆರೆದುಕೊಂಡಿತು.

"ಇದೇನು?"

"ಊರಿಗೆ ಹೋಗೋ ಬಾಗಿಲು. ಓಡಿಸು ಅವನನ್ನ!"

"ಇಂಥದ್ದೊಂದು ಇದೆಯಾ?"

"ನೀನು ಯಾವತ್ತು ಓಡಿದ್ದೆ, ಗೊತ್ತಾಗೋಕೆ? ಓಡಿಸೇ!"

ಜೀವಮಾನದಲ್ಲಿ ಮೊದಲ ಸಲ ಅತ್ತೆ ಹೇಳಿದ್ದನ್ನು ಮರುಮಾತಿಲ್ಲದೆ ಮಾಡಿದೆ. ಸುತ್ತಿಗೆ ನೆಲಕ್ಕೆ ಬಡಿಯುವುದಕ್ಕೂ ಅಳಿಯ ಬಾಗಿಲು ದಾಟುವುದಕ್ಕೂ ಸರಿಹೋಯಿತು. ಕಣ್ಣುಬಿಟ್ಟು ನೋಡಿದರೆ ಬೆಂಕಿಯ ಮುಂದೆ ನಿಂತಿದ್ದಾನೆ. ಮೈಯಲ್ಲಿ ತೊಟ್ಟು ರಕ್ತ ಉಳಿದಿತ್ತೋ ಇಲ್ಲವೋ, ಮುಖ ಮಾತ್ರ ಎಂದಿನಂತೆ ಗಂಟು.

ನಾವಿಬ್ಬರೂ ಉಸಿರು ಬಿಟ್ಟೆವು. ನಾನು ಹುಡುಕಿ ಹುಡುಕಿ, ತಾನೇ ಕುಡಿಯುವ ಆ ಹೊಸ ಏರ್ಪಾಟನ್ನು ತೆಗೆದುಹಾಕಿದೆ. ಅತ್ತೆ ಓರೆಗಣ್ಣಲ್ಲಿ ನೋಡಿದರು. ಸ್ಟೂಲನ್ನು ಎಳೆದುಕೊಂಡು ಬಂದು ಕೀಲಿಮಣೆಯ ಮುಂದೆ ಹಾಕಿ ಕೂತರು.

"ಸ್ವಲ್ಪ ಆಚೆ ಸರಿ. ಸೆಕೆ" ಅಂದರು.

ಗಂಡ ಷಟರಿನ ಕೆಳಗಿಂದ ಬಗ್ಗಿ ಒಳಗೆ ಬಂದರು. "ಇದೇನು ಕತ್ತಲು? ಕರೆಂಟ್ ಹೋಯ್ತಾ?"

"ಈ ಡಬ್ಬಿಯಿಂದ ಬ್ಯಾಟರಿ ಕಿತ್ತುಹಾಕು" ಅಂದರು ಅತ್ತೆ.

"ಯಾಕಮ್ಮ? ಕರೆಂಟ್ ಹೋದರೂ ಆಡಬಹುದು ಅಂತ ತಾನೇ ಇದನ್ನ ತಂದಿದ್ದು?"

"ಕರೆಂಟ್ ಹೋದರೆ ಅಳಿಯ ಉಳೀಬೇಕು ಕಣೋ."

ಗಂಡ ನನ್ನ ಕಡೆ ನೋಡಿದರು, ನೀನಾದರೂ ಬುದ್ಧಿ ಹೇಳು ಅನ್ನುವ ಹಾಗೆ.

"ಅತ್ತೆ ಹೇಳಿದ್ದು ಕೇಳಿಸಲಿಲ್ವಾ?" ಅಂತ ಗದರಿದೆ. "ಕೀಳಿ!"