ಕಾರಣ: ಸಮುದ್ರ

ದೂರದ ಕಡಲ ದಂಡೆಯ ಹೋಟೆಲುಗಳಿಂದ ಲಾರಿಯಲ್ಲಿ ಗಂಟುಗಂಟಾಗಿ ಬರುವ ಟವೆಲ್ಲು, ಹೊದಿಕೆಗಳನ್ನು ಯಂತ್ರಕ್ಕೆ ಹಾಕುವ ಮೊದಲು ಕೊಡವುವುದು ಲಾಂಡ್ರಿಯಲ್ಲಿ ಅವಳ ಕೆಲಸ. ಕೊಡವದಿದ್ದರೆ ಮರಳು ಸೇರಿಕೊಂಡು ಯಂತ್ರ ಕೆಟ್ಟು ಕೂರುತ್ತದೆ. ಹನ್ನೊಂದು ವರ್ಷದಿಂದ ಯಾರ್ಯಾರದೋ ಮಕ್ಕಳ ರಜೆ ಅವಳ ಪಾದದ ಮೇಲೆ ಉದುರುತ್ತಿತ್ತು.

ಶಾಲೆಗಳಿಗೆ ರಜೆ ಬಂತೆಂದರೆ ಹೋಟೆಲು ಭರ್ತಿ. ಅವಳಿಗೆ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಮೇಸ್ತ್ರಿ ರಜೆ ಕೊಡುವುದು ಹೋಟೆಲು ಖಾಲಿ ಹೊಡೆಯುವಾಗ, ಅಂದರೆ ಅವಳ ಮಗಳು ಶಾಲೆಯ ಬೆಂಚಿನ ಮೇಲೆ ಕೂತು ಭಾಗಾಕಾರ ಮಾಡುವಾಗ. ತಾಯಿ ಮಗಳು ಇಡೀ ಹಗಲು ಒಟ್ಟಿಗೆ ಕಳೆದದ್ದು ಒಂದೇ ಸಲ, ಮಗಳಿಗೆ ಮಂಗನಬಾವು ಬಂದಾಗ. ಈಗ ಮಗಳಿಗೆ ಹತ್ತು ತುಂಬಿದೆ. ಬೀದಿಯಲ್ಲಿ ಇನ್ನೂ ಅಮ್ಮನ ಕೈ ಹಿಡಿಯುತ್ತಾಳೆ, ಆದರೆ ಶಾಲೆಯ ತಿರುವು ಬರುತ್ತಿದ್ದಂತೆ ಮೆಲ್ಲಗೆ ಬಿಡಿಸಿಕೊಳ್ಳುತ್ತಾಳೆ. ಇನ್ನೆಷ್ಟು ದಿನ ಈ ಕೈ ತನ್ನದು ಎಂದು ತಾಯಿ ಲೆಕ್ಕ ಹಾಕತೊಡಗಿದ್ದಳು.

ಈ ಸಲ ಸೋಮವಾರದಿಂದ ನಾಲ್ಕು ದಿನ ರಜೆ ಸಿಕ್ಕಿತು. ಮಗಳಿಗೆ ಸಮುದ್ರ ತೋರಿಸಬೇಕು, ಆದರೆ ಶಾಲೆಗೆ ಏನೆಂದು ಚೀಟಿ ಬರೆಯುವುದು?

"ಜ್ವರ ಅಂತ ಬರೆದು ಬಿಸಾಕೇ" ಎಂದಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಅಕ್ಕ. "ನನ್ನ ಮೂರು ಮಕ್ಕಳಿಗೂ ಜ್ವರ ಬರ್ತಿತ್ತು, ಸರಿಯಾಗಿ ನೆಂಟರ ಮದುವೆ ದಿನಕ್ಕೇ. ನಮ್ಮನೆ ಜ್ವರಕ್ಕೆ ಕ್ಯಾಲೆಂಡರ್ ಓದೋಕೆ ಬರ್ತಿತ್ತು!"

ಅವಳೂ ನಕ್ಕಳು. ಹಾಗೇ ಬರೆದರಾಯಿತು ಎಂದುಕೊಂಡು ಮನೆಗೆ ಬಂದರೆ, ಮಗಳು ಕನ್ನಡಿಯ ಮುಂದೆ ನಿಂತು ಕೆಮ್ಮುತ್ತಿದ್ದಳು.

"ಇಷ್ಟು ಸಾಕಾ ಅಮ್ಮ? ಇನ್ನೂ ಸ್ವಲ್ಪ ಗೊರಗೊರ ಅನ್ನಿಸ್ಲಾ?"

"ಯಾರೇ ಕಲಿಸಿದ್ದು ನಿಂಗೆ?"

"ಪಕ್ಕದ ಬೆಂಚಿನವಳು. ವಾಪಸ್ ಬಂದ್ಮೇಲೂ ಎರಡು ದಿನ ಕೆಮ್ಮಬೇಕಂತೆ. ಸಮುದ್ರ ನೋಡಿದೆ ಅಂತ ಯಾರ ಹತ್ರನೂ ಬಾಯಿ ಬಿಡಬಾರ್ದಂತೆ."

ತಾಯಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು. ಮೊದಲ ಸಲ ಸಮುದ್ರ ನೋಡಿ ಬಂದ ಮಗು ಬಾಯಿಗೆ ಬೀಗ ಹಾಕಿಕೊಂಡಿರಬೇಕೆ? ಏನೋ ಕದ್ದು ತಂದವಳ ಹಾಗೆ?

ಮರುದಿನ ಶಾಲೆಯಲ್ಲಿ ಹೆಡ್‌ಮೇಡಂ ಅವಳು ಕೊಟ್ಟ ರಜೆ ಚೀಟಿಯನ್ನು ಎರಡು ಸಲ ಓದಿದರು.

"ಏನಮ್ಮ ಇದು, ಕಾರಣ: ಸಮುದ್ರ?"

"ಹೌದು ಮೇಡಂ. ತೋರಿಸ್ಕೊಂಡು ಬರೋಣ ಅಂತ."

"ಶಾಲೆ ನಡೀವಾಗ ರಜೆ ಕೊಡೋದು ಕಾಯಿಲೆಗೆ, ಇಲ್ಲಾ ಮನೇಲಿ ಸಾವಾದ್ರೆ. ಸಮುದ್ರ ನಿಯಮದಲ್ಲಿಲ್ಲ."

"ಹಾಗಾದ್ರೆ ಯಾರಾದ್ರೂ ಸಾಯೋತನಕ ಕಾಯಬೇಕಾ?"

ಮೇಡಂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸುಮ್ನೆ ಜ್ವರ ಅಂತ ಬರ್ಕೊಡಿ. ಎಲ್ಲರೂ ಅದನ್ನೇ ಮಾಡೋದು. ಕಣ್ಮುಚ್ಚಿ ಸಹಿ ಹಾಕ್ತೀನಿ."

"ಅವಳಿಗೆಲ್ಲಿ ಜ್ವರ? ಗುಂಡುಕಲ್ಲಿನ ಹಾಗಿದಾಳೆ."

"ನೋಡಿ, ಅನುಮತಿ ಇಲ್ದೆ ಹೋದ್ರೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ ಬೀಳುತ್ತೆ. ಕ್ಲಾಸ್ ಲೀಡರ್ ಬ್ಯಾಡ್ಜು ವಾಪಸ್ ತಗೋಬೇಕಾಗುತ್ತೆ. ನೀವು ಶಾಲಾ ಸಮಿತಿ ಮುಂದೆ ಬಂದು ನಿಲ್ಲಬೇಕು."

ಬ್ಯಾಡ್ಜಿನ ಮಾತಿಗೆ ತಾಯಿ ತನ್ನ ಸೆರಗಿನ ಕಡೆ ನೋಡಿಕೊಂಡಳು. ಮಗಳು ಅದನ್ನು ದಿನಾ ಸೆರಗಿನಿಂದ ಉಜ್ಜಿಸಿಕೊಳ್ಳುತ್ತಿದ್ದಳು. ಆದರೂ ಚೀಟಿಯನ್ನು ವಾಪಸ್ ಪಡೆಯಲು ಕೈ ಚಾಚಲಿಲ್ಲ.

"ಕೆಂಪಲ್ಲೇ ಬರೀರಿ ಮೇಡಂ. ಆದ್ರೆ ಕಾರಣ ನಾನು ಬರೆದದ್ದೇ ಇರಲಿ. ಸಮಿತಿ ಮುಂದೆ ಬಂದು ಅದನ್ನೇ ಹೇಳ್ತೀನಿ."

ಸಂಜೆ ಬ್ಯಾಡ್ಜಿನ ವಿಷಯ ಕೇಳಿದ ಮಗಳು ಅತ್ತಳು. ಮೂಗು ಒರೆಸಿಕೊಂಡು, "ಮರಳಲ್ಲಿ ಮನೆ ಕಟ್ಟೋಕೆ ಬಿಡ್ತಾರಾ?" ಎಂದು ಕೇಳಿದಳು.

"ಊರನ್ನೇ ಕಟ್ಟು, ಹೋಗು."

ಸೋಮವಾರ ಬೆಳಿಗ್ಗೆ ಬಸ್ಸು ಶಾಲೆಯ ಮುಂದೆಯೇ ಹಾದುಹೋಗಬೇಕಿತ್ತು. ತಿರುವು ಬರುತ್ತಲೇ ಮಗಳು ಸೀಟಿನಿಂದ ಜಾರಿ ಕೆಳಗೆ ಮುದುಡಿದಳು.

"ಮೇಲೇಳು. ನಾವೇನು ಕಳ್ಳರಾ? ನೆಟ್ಟಗೆ ಕೂತ್ಕೋ."

ತಾಯಿ ಕಿಟಕಿಯ ಗಾಜನ್ನು ಪೂರ್ತಿ ಸರಿಸಿದಳು. ಗೇಟಿನ ಬಳಿ ಹೆಡ್‌ಮೇಡಂ ತಡವಾಗಿ ಬಂದವರನ್ನು ಹಿಡಿಯಲು ಗಡಿಯಾರ ನೋಡುತ್ತ ನಿಂತಿದ್ದರು. ತಲೆಯೆತ್ತಿದವರ ಕಣ್ಣು ನೇರ ಬಸ್ಸಿನ ಕಿಟಕಿಯ ಮೇಲೆ ಬಿತ್ತು. ಮಗಳ ಕೈ ಕಲಿತ ಪಾಠದಂತೆ ಕೆಮ್ಮಲು ಬಾಯಿಯ ಹತ್ತಿರ ಹೋಯಿತು. ಅರ್ಧ ದಾರಿಯಲ್ಲಿ ನಿಂತಿತು. ಆಮೇಲೆ ಕಿಟಕಿಯಿಂದ ಹೊರಗೆ ಚಾಚಿ ಜೋರಾಗಿ ಬೀಸತೊಡಗಿತು.

"ಮೇಡಂ! ಶುಕ್ರವಾರ ಬರ್ತೀನಿ! ಬಂದು ಎಲ್ಲಾ ಹೇಳ್ತೀನಿ!"